ಹಗ್ಗ ಗಟ್ಟಿ ಐತಿ

ನನ್ನ ದನಿ ದೊಡ್ಡದು. ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದವಳು ನಾನು. ಪಟ್ಟಾ ತಿರುಗುವ ಗದ್ದಲದ ನಡುವೆ ನಿಂತು "ಯಾರದಿದು ಜ್ವಾಳಾ?" ಎಂದು ಕೂಗಿದರೆ ಮೂರನೆಯ ಓಣಿಯಿಂದ ಜನ ಓಡಿ ಬರುತ್ತಿದ್ದರು. ಆದರೆ ನಮ್ಮ ಊರಿನ ಕಚೇರಿಯ ಪಡಸಾಲೆಯಲ್ಲಿ ನಿಂತು ನಾನೊಬ್ಬಳೇ ಎಷ್ಟು ಒದರಿಕೊಂಡರೂ ನೊಣ ಹಾರಿದಷ್ಟೂ ಸದ್ದಾಗುವುದಿಲ್ಲ. ನನ್ನದೆಂದಲ್ಲ, ಯಾರದೂ ಅಷ್ಟೇ. ಆ ಪಡಸಾಲೆಯಲ್ಲಿ ಒಬ್ಬರ ಮಾತು ಕೇಳಿಸುವುದಿಲ್ಲ, ಇಬ್ಬರದೂ ಕೇಳಿಸುವುದಿಲ್ಲ. ಮೂವರೋ ನಾಲ್ವರೋ ಕೂಡಿ ಹೇಳಿದರೆ ಒದ್ದೆ ಕಂಬಳಿ ಹೊದ್ದು ಯಾರೋ ನರಳಿದ ಹಾಗೆ ಏನೋ ಒಂದು ಬರುತ್ತದೆ. ಐದು ಜನ ಒಂದೇ ಮಾತನ್ನು ಒಟ್ಟಿಗೆ ಹೇಳಿದರೆ ಮಾತ್ರ ಅದು ಹೊರಗಿನ ಬೇವಿನ ಕಟ್ಟೆಯ ತನಕ ಖಣಖಣ ಎಂದು ಕೇಳಿಸುತ್ತದೆ. ಅದೂ ಐವರ ಮನಸ್ಸಿನಲ್ಲೂ ಆ ಮಾತು ಇದ್ದರೆ. ಒಬ್ಬರು ಬರೇ ಬಾಯಿ ಆಡಿಸಿದರೂ ಸಾಕು, ಮತ್ತೆ ಅದೇ ನರಳಾಟ.

ಹೀಗಾಗಿ ನಮ್ಮ ಊರಿನಲ್ಲಿ ಸಂಘಗಳಿಗೆ ಬರವಿಲ್ಲ. ಕುಂಬಾರರ ಸಂಘ, ಸೂಲಗಿತ್ತಿಯರ ಸಂಘ, ಒಂದೇ ಗೋಡೆ ಹಂಚಿಕೊಂಡವರ ಸಂಘ, ಕುಂಟುವವರ ಸಂಘ. ನಿಮ್ಮ ಮನೆಯ ಮುಂದಿನ ಚರಂಡಿಯ ಗೋಳು ಕಚೇರಿಗೆ ಮುಟ್ಟಬೇಕಾದರೆ ಬೇರೆ ನಾಲ್ವರು ಅದನ್ನು ಬಾಯಿಪಾಠ ಮಾಡಬೇಕು. ಪಾಠ ಮಾಡಿದರೂ ಸಾಲದು; ಬಂದು ಮೂಗು ಮುಚ್ಚಿಕೊಂಡು ನೋಡಿ, ಅವರಿಗೂ ಅಯ್ಯೋ ಅನ್ನಿಸಬೇಕು. ಅದಕ್ಕೇ ನಮ್ಮಲ್ಲಿ ಬೆಳಗಾದರೆ ಸಾಕು, ಕಚೇರಿಯ ಎದುರಿನ ಕಟ್ಟೆಯ ಮೇಲೆ ಐದೈದು ಜನ ಕೂತು ಒಬ್ಬರ ಸಂಕಟವನ್ನು ಇನ್ನೊಬ್ಬರು ಗುನುಗುತ್ತಿರುತ್ತಾರೆ. ಮಾತು ಬಿಟ್ಟ ಅಣ್ಣತಮ್ಮಂದಿರು ಕೂಡ ಐದನೆಯವರು ಸಿಗದೆ ಒಬ್ಬರ ಮನೆಗೆ ಒಬ್ಬರು ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಚೇರಿಯವರಿಗೂ ಇದೇ ನಿಯಮ. ಸಾಹೇಬರಾದರೇನು, ಪಡಸಾಲೆಗೆ ಅದರ ಗೊಡವೆಯಿಲ್ಲ. ಮೊದಲು ಕಚೇರಿಯಲ್ಲಿ ಒಂಬತ್ತು ಜನ ನೌಕರರಿದ್ದರು, ಆದೇಶಗಳನ್ನು ಗಂಟೆ ಬಾರಿಸಿದ ಹಾಗೆ ಹೇಳುತ್ತಿದ್ದರು. ಒಬ್ಬೊಬ್ಬರೇ ನಿವೃತ್ತರಾದರು, ಆ ಜಾಗಕ್ಕೆ ಯಾರೂ ಬರಲಿಲ್ಲ. ಕೊನೆಗೆ ಉಳಿದವರು ಸಾಹೇಬರು, ಹೆಡ್ ಕ್ಲಾರ್ಕ್ ಮೌಲಾಸಾಬ, ಜವಾನ ಲಕ್ಕಪ್ಪ, ಇಷ್ಟೇ. ಮೂವರೂ ಗಂಟಲು ಹರಿಯುವ ಹಾಗೆ ಆದೇಶ ಓದುತ್ತಿದ್ದರು. ಕಟ್ಟೆಯ ಮೇಲೆ ಕೂತ ನಮಗೆ ಎಮ್ಮೆ ಕೆಮ್ಮಿದ ಹಾಗೆ ಕೇಳಿಸುತ್ತಿತ್ತು. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಆದರೆ ಕೇಳಿಸದ ಆದೇಶ ಆದೇಶವೇ ಅಲ್ಲ. ಎರಡು ವರ್ಷ ಊರಿನಲ್ಲಿ ಒಂದು ದೀಪ ಬದಲಾಗಲಿಲ್ಲ, ಒಂದು ಕಾಲುವೆ ದುರಸ್ತಿಯಾಗಲಿಲ್ಲ. ಆಗ ನಗು ನಿಂತಿತು.

ಆ ಹೊತ್ತಿನಲ್ಲಿ ದಾರಿ ತೋರಿಸಿದವರು ನಮ್ಮ ನೀರಿನ ಸಂಘದ ಅಧ್ಯಕ್ಷರಾದ ರಾಚಪ್ಪ ಮಾಸ್ತರರು. ಶಾಲೆಯಿಂದ ನಿವೃತ್ತರಾದವರು, ಸಿಟ್ಟು ಬಂದರೂ ತೂಕ ತಪ್ಪದೆ ಮಾತಾಡುವವರು. "ಅವರ ಮೂರು ಬಾಯಿ, ನಮ್ಮ ಎರಡು ಬಾಯಿ. ಕೂಡಿದ್ರ ಐದು" ಎಂದರು. ಕಚೇರಿಗೂ ಸಂಘಕ್ಕೂ ಒಪ್ಪಂದವಾಯಿತು. ಊರಿಗೆ ಒಳ್ಳೆಯದಾಗುವ ಆದೇಶಗಳಿಗೆ ಸಂಘದ ಇಬ್ಬರು ದನಿ ಕೊಡುವುದು, ಕೆಲಸವನ್ನು ಕಚೇರಿ ಮತ್ತು ಸಂಘ ಕೂಡಿಯೇ ಮಾಡುವುದು. ಆ ಇಬ್ಬರು ಮಾಸ್ತರರು ಮತ್ತು ನಾನು, ಸಂಘದ ಕಾರ್ಯದರ್ಶಿ ಕಸ್ತೂರೆವ್ವ. ಅಲ್ಲಿಯ ತನಕ ಕಚೇರಿಯಲ್ಲಿ ನಾವು ನಿಂತೇ ಮಾತಾಡುತ್ತಿದ್ದವರು. ಒಪ್ಪಂದವಾದ ಮರುದಿನ ಲಕ್ಕಪ್ಪ ನಮಗೆ ಎರಡು ಕುರ್ಚಿ ತಂದು ಹಾಕಿದ. ಸುಳ್ಳೇಕೆ ಹೇಳಲಿ, ಆ ಕುರ್ಚಿ ನನಗೆ ಬಹಳ ಹಿಡಿಸಿತು. ನಾಲ್ಕು ವರ್ಷದಲ್ಲಿ ಎಂಟು ಓಣಿಗೆ ನೀರು ಬಂತು, ಹೆರಿಗೆ ಕೋಣೆಗೆ ಹೊಸ ಸೂರು ಬಂತು. ಬೇರೆ ಊರಿನವರು ಬಂದು ನಮ್ಮನ್ನು ನೋಡಿಕೊಂಡು ಹೋಗುತ್ತಿದ್ದರು.

ನಮ್ಮ ಊರಿಗೆ ನೀರೆಂದರೆ ಕಟ್ಟೆಯ ಆಚೆಗಿನ ಹಿರೇಬಾವಿ. ಎಪ್ಪತ್ತು ಮೊಳ ಆಳ. ಮಳೆಗಾಲಕ್ಕೆ ಮೊದಲು ಪ್ರತಿವರ್ಷ ಒಬ್ಬರು ಹಗ್ಗ ಕಟ್ಟಿಕೊಂಡು ಇಳಿದು ಹೂಳು ಎತ್ತಬೇಕು. ಆ ಕೆಲಸ ತಲೆತಲಾಂತರದಿಂದ ಹುಲಿಗೆವ್ವನ ಗಂಡನ ಮನೆಯವರದು. ಗಂಡ ಪರಸಪ್ಪ ಇಳಿಯುತ್ತಿದ್ದ, ಮೇಲೆ ಹುಲಿಗೆವ್ವ ಅವನ ಸೊಂಟಕ್ಕೆ ಗಂಟು ಹಾಕಿ ಹಗ್ಗ ಬಿಡುತ್ತಿದ್ದಳು. ಪುಂಡಿ ನಾರಿನ ಆ ಹಗ್ಗ ಕಚೇರಿಯ ಉಗ್ರಾಣದಲ್ಲಿ ಇರುತ್ತಿತ್ತು. ಒಪ್ಪಂದದ ಪ್ರಕಾರ ಸಂಘದವರೊಬ್ಬರು ಮತ್ತು ಕಚೇರಿಯವರೊಬ್ಬರು ಕೂಡಿ ಉಗ್ರಾಣಕ್ಕೆ ಹೋಗಿ, ಸುರುಳಿ ಬಿಚ್ಚಿ, ಹಗ್ಗವನ್ನು ಮೊಳಮೊಳವಾಗಿ ನೋಡಬೇಕು. ಆಮೇಲೆ ಐವರೂ ಪಡಸಾಲೆಯಲ್ಲಿ ನಿಂತು "ಹಗ್ಗ ಗಟ್ಟಿ ಐತಿ" ಎನ್ನಬೇಕು. ಪಡಸಾಲೆಯಿಂದ ಆ ಮಾತು ಕೇಳಿಸಿದ ಮೇಲೆಯೇ ಬಾವಿಗೆ ಇಳಿಯುವುದು.

ಆ ಬೆಳಿಗ್ಗೆ ನನ್ನ ಗಿರಣಿಯ ಪಟ್ಟಾ ಹರಿದಿತ್ತು. ಅದನ್ನು ಹೊಲಿಸಿ ಓಡೋಡಿ ಕಚೇರಿಗೆ ಬಂದಾಗ ಮೌಲಾಸಾಬ ಉಗ್ರಾಣಕ್ಕೆ ಬೀಗ ಹಾಕುತ್ತಿದ್ದರು, ಲಕ್ಕಪ್ಪ ಹಗ್ಗದ ಸುರುಳಿಯನ್ನು ಹೆಗಲ ಮೇಲೆ ಹೊತ್ತು ಬಾವಿಯ ಕಡೆಗೆ ಹೊರಟಿದ್ದ. ನಾನು ಬರದಿದ್ದಕ್ಕೆ ಮಾಸ್ತರರೇ ಮೌಲಾಸಾಬರ ಜೊತೆ ನಿಂತು ನೋಡಿದ್ದಾರೆ ಎಂದುಕೊಂಡೆ. ಯಾರನ್ನೂ ಕೇಳಲಿಲ್ಲ. ಲಕ್ಕಪ್ಪ ತಿರುಗಿ ಬಂದ. ಐವರೂ ನಿಂತೆವು, ಹೇಳಿದೆವು. ಅಬ್ಬಾ, ಎಂಥಾ ದನಿ ಅದು! ಪಡಸಾಲೆಯ ತೊಲೆಗಳು ಗುಂಯ್ ಎಂದವು. ಅಷ್ಟು ಚೊಕ್ಕವಾಗಿ ನಾವು ಯಾವತ್ತೂ ಹೇಳಿರಲಿಲ್ಲ. ಮೌಲಾಸಾಬರ ಮುಖದಲ್ಲಿ ಕೂಡ ಸಂತೋಷವಿತ್ತು.

ಅರ್ಧ ತಾಸಿನ ಮೇಲೆ ಹಗ್ಗ ಹರಿದು ಪರಸಪ್ಪ ಬಾವಿಯ ತಳಕ್ಕೆ ಬಿದ್ದು ಸತ್ತ.

ನಮ್ಮ ಊರಿನವರು ಕೆಟ್ಟವರಲ್ಲ. ಹೆಣ ಎತ್ತಿದರು, ಅತ್ತರು, ಹುಲಿಗೆವ್ವನ ಮನೆಗೆ ಹದಿಮೂರು ದಿನ ಅನ್ನ ಕಳಿಸಿದರು. ಆದರೆ ಹಗ್ಗ ಹರಿದದ್ದು ಹೇಗೆ ಎಂಬ ಮಾತು ಬಂದಾಗ ಎಲ್ಲರೂ ಒಂದೇ ಕಡೆ ವಾಲಿದರು. ಹಗ್ಗ ಗಟ್ಟಿ ಇತ್ತು ಎಂದು ಪಡಸಾಲೆಯೇ ಹೇಳಿದೆಯಲ್ಲ, ಐವರಲ್ಲಿ ಒಬ್ಬರಿಗೆ ಅನುಮಾನವಿದ್ದರೂ ಅದು ಕೇಳಿಸುತ್ತಿರಲಿಲ್ಲವಲ್ಲ! ಹಾಗಾದರೆ ಪರಸಪ್ಪನೇ ನೆಟ್ಟಗೆ ಇಳಿದಿಲ್ಲ, ಹಗ್ಗವನ್ನು ಕಲ್ಲಿನ ಅಂಚಿಗೆ ತಿಕ್ಕಿಸಿಕೊಂಡಿದ್ದಾನೆ. ಕಚೇರಿಯ ಕಾಗದದಲ್ಲಿ "ಇಳಿಯುವವನ ಅಜಾಗರೂಕತೆ" ಎಂದು ಬಂತು. ಆ ಮಾತಿಗೆ ದನಿ ಕೊಟ್ಟವರಲ್ಲಿ ನಾನೂ ಒಬ್ಬಳು. ಅದೂ ಚೊಕ್ಕವಾಗಿಯೇ ಕೇಳಿಸಿತು. ಬಾವಿಯ ಕೆಲಸ ಬೇರೆ ಮನೆಗೆ ಹೋಯಿತು. ಹರಿದ ಹಗ್ಗವನ್ನು ಲಕ್ಕಪ್ಪ ಸುತ್ತಿ ಉಗ್ರಾಣಕ್ಕೆ ಎಸೆದ. ಇಳಿಯಲು ಬಾರದವನ ಮನೆ ಎಂದು ಹುಲಿಗೆವ್ವನ ಮನೆಗೆ ಹೆಸರು ಬಿತ್ತು.

ಎರಡು ತಿಂಗಳಾದ ಮೇಲೆ ಒಂದು ಸೋಮವಾರ ಹುಲಿಗೆವ್ವ ಪಡಸಾಲೆಗೆ ಬಂದಳು. ಒಬ್ಬಳೇ. ನಾನು ನನ್ನ ಕುರ್ಚಿಯಲ್ಲಿದ್ದೆ. ಅವಳು ಸೆರಗು ಬಿಗಿದುಕೊಂಡು ನಡುವೆ ನಿಂತು ಮಾತಾಡಿದಳು. ತುಟಿ ಆಡಿತು, ಕೊರಳ ನರ ಉಬ್ಬಿತು, ಕೈ ಮೇಲೆದ್ದು ಬಾವಿಯ ದಿಕ್ಕು ತೋರಿಸಿತು. ನಮಗೆ ಕೇಳಿಸಿದ್ದು ಗೋಡೆಯ ಗಡಿಯಾರದ ಟಿಕ್ ಟಿಕ್ ಮಾತ್ರ. ಹೇಳುವುದನ್ನೆಲ್ಲ ಹೇಳಿ ಮುಗಿಸಿ ಅವಳು ನಮ್ಮ ಮುಖ ನೋಡಿದಳು, ಹೊರಟು ಹೋದಳು. ಮುಂದಿನ ಸೋಮವಾರ ಮತ್ತೆ ಬಂದಳು. ಒಬ್ಬರ ದನಿ ಅಲ್ಲಿ ಕೇಳಿಸುವುದಿಲ್ಲವೆಂದು ಅವಳಿಗೆ ಗೊತ್ತಿಲ್ಲದೆ ಇಲ್ಲ, ಹುಟ್ಟಿದ್ದೇ ಈ ಊರಿನಲ್ಲಿ. ಆದರೂ ಬರುತ್ತಿದ್ದಳು. ನಾನು ಸೋಮವಾರಗಳಂದು ಕಚೇರಿಗೆ ಹೋಗುವುದನ್ನು ಬಿಟ್ಟೆ.

ಆಗ ಅವಳೇ ಗಿರಣಿಗೆ ಬಂದಳು. ಪಟ್ಟಾ ನಿಲ್ಲಿಸಿ ಮಾತಾಡಿದೆವು.

"ಅಕ್ಕಾರ, ನಾ, ನನ್ನ ಮಗಳು ಫಕೀರವ್ವ, ನಮ್ಮತ್ತಿ, ಬಾಜೂ ಮನಿ ಕಾಶವ್ವ. ನಾಲ್ಕ ಮಂದಿ ಆಗೇವಿ. ನೀವೊಬ್ಬಾಕಿ ಬರ್ರಿ."

"ಏನಂತ ಹೇಳಬೇಕು?"

"ಹಗ್ಗ ಯಾರೂ ನೋಡ್ಲಿಲ್ಲ, ಪರಸಪ್ಪಂದು ತಪ್ಪಿಲ್ಲ. ಇಷ್ಟ. ಎರಡ ಮಾತು."

"ಹುಲಿಗೆವ್ವ, ನಿನಗೇನರ ಬೇಕಾದ್ರ ಕೇಳು. ಸಂಘದಿಂದ ಫಕೀರವ್ವಗ ಒಂದು ಕೆಲಸ ಹಚ್ಚಿ ಕೊಡ್ತೀನಿ."

"ಕೆಲಸ ನಾವು ಮಾಡ್ಕೊಂತೀವ್ರಿ. ಆ ಮನಷ್ಯಾ ಇಪ್ಪತ್ತಾರ ವರ್ಷ ಇಳದಾನ. ಇಳ್ಯಾಕ ಬರ್ತಿದ್ದಿಲ್ಲ ಅಂತ ಮಂದಿ ನನ್ನೆದುರಿಗೇ ಅಂತಾರ. ಅದು ಹೋಗಬೇಕ್ರಿ."

ನಾನು ಮಾಸ್ತರರನ್ನು ಕೇಳಿ ಹೇಳುತ್ತೇನೆ ಎಂದೆ. ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. "ಕಸ್ತೂರೆವ್ವ, ಕಚೇರಿಯವರ ಮ್ಯಾಲ ತಪ್ಪು ಹೊರಿಸಿದ್ರ ಒಪ್ಪಂದ ಮುರೀತದ. ಹೊಸಾ ಸಾಹೇಬ್ರು ಬ್ಯಾರೆ ಬಂದಾರ. ನಾಳೆ ಇಡೀ ಊರಿಗೆ ನೀರು ನಿಂತ್ರ ಯಾರಿಗೆ ಉತ್ತರಾ ಹೇಳೂಣು?" ಎಂದರು. ಹಳೆಯ ಸಾಹೇಬರು ಆ ಹೊತ್ತಿಗೆ ವರ್ಗವಾಗಿ, ಇನಾಮದಾರ ಎಂಬವರು ಬಂದಿದ್ದರು. ಮಾಸ್ತರರ ಮಾತು ನನಗೆ ಸರಿಯೆನಿಸಿತು. ಆದರೆ ಗಿರಣಿಯ ಎದುರಿಗೇ ಹುಲಿಗೆವ್ವ ದಿನಾ ಹಾದು ಹೋಗುತ್ತಿದ್ದಳು. ಅವಳ ಮುಖ ತಪ್ಪಿಸಲು ನಾನು ಒಳಗೆ ಹೋಗಿ ಹಿಟ್ಟು ಜಾಡಿಸುವ ನೆಪ ಮಾಡುತ್ತಿದ್ದೆ. ಹದಿನೈದು ದಿನ ಹೀಗೆ ನಡೆಯಿತು. ಕೊನೆಗೆ ನನಗೇ ನಾಚಿಕೆಯಾಗಿ, ಮಾಸ್ತರರಿಗೆ ಹೇಳದೆ, ಬರುತ್ತೇನೆಂದು ಅವಳಿಗೆ ಮಾತು ಕೊಟ್ಟೆ.

ಕಟ್ಟೆಯ ಮೇಲೆ ಐವರೂ ಕೂತು ಎರಡು ಮಾತನ್ನು ಹೊಂದಿಸಿಕೊಂಡೆವು. ಅತ್ತೆಗೆ ಕಿವಿ ಮಂದ, ಫಕೀರವ್ವ ಅವಳ ಮೊಣಕೈ ಒತ್ತಿದಾಗ ಶುರು ಮಾಡಬೇಕು. ಒಳಗೆ ಹೋಗಿ ನಿಂತೆವು. ಸಾಹೇಬರು, ಮೌಲಾಸಾಬ, ಲಕ್ಕಪ್ಪ ಕೇಳಲು ಕೂತರು. ಮಾಸ್ತರರು ನನ್ನನ್ನು ನೋಡಿ ಮುಖ ತಿರುಗಿಸಿದರು. ಫಕೀರವ್ವ ಅಜ್ಜಿಯ ಮೊಣಕೈ ಒತ್ತಿದಳು. ಹೇಳಿದೆವು.

ಒದ್ದೆ ಕಂಬಳಿಯ ನರಳಾಟ.

ಪಡಸಾಲೆಯಲ್ಲಿದ್ದ ಎಲ್ಲರಿಗೂ ತಿಳಿಯಿತು, ಐವರಲ್ಲಿ ಒಬ್ಬರು ಬರೇ ಬಾಯಿ ಆಡಿಸಿದ್ದಾರೆ. ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಕಾಶವ್ವ ನನ್ನ ಕಡೆಗೆ ನೋಡಿದಳು, ಫಕೀರವ್ವ ನೋಡಿದಳು, ಏನೂ ಕೇಳಿಸದ ಆ ಮುದುಕಿಯೂ ನೋಡಿದಳು. ನನ್ನ ಕಾಲ ಕೆಳಗಿನ ನೆಲ ಬಾಯಿ ತೆರೆಯಬಾರದೇ ಅನ್ನಿಸಿತು. ನಾನೇನು ಮಾಡಲಿ? ಹಗ್ಗವನ್ನು ಯಾರೂ ನೋಡಲಿಲ್ಲ ಎಂದು ನಾನು ನಂಬಿರಲೇ ಇಲ್ಲ. ಮೌಲಾಸಾಬ, ಮಾಸ್ತರರು ನೋಡಿದ್ದಾರೆ, ನೋಡಿಯೂ ಹೀಗಾಯಿತು, ಪಾಪದ ಹೆಂಗಸಿಗೆ ಅಷ್ಟು ಅಂದುಬಿಟ್ಟರೆ ಸಮಾಧಾನವಾಗುತ್ತದೆ ಎಂದುಕೊಂಡು ಬಂದವಳು ನಾನು. ಕರುಣೆ ತೋರಿಸಲು ಬಂದಿದ್ದೆ. ಪಡಸಾಲೆಗೆ ಅದು ಸಾಕಾಗಲಿಲ್ಲ.

ಹೊರಗೆ ಬಂದ ಮೇಲೆ ಹುಲಿಗೆವ್ವ ಬೈಯುತ್ತಾಳೆಂದು ಕಾದೆ. ಅವಳು ಬೈಯಲಿಲ್ಲ.

"ಅಕ್ಕಾರ, ನೀವು ಆ ಹಗ್ಗಾ ಒಮ್ಮೆರ ನೋಡೀರೇನು?"

"ಇಲ್ಲವಾ."

"ಹಂಗಾರ ಮೊದಲ ನೋಡ್ರಿ. ಹರದ ತುದಿ ನನ್ನ ಕೈಯಾಗ ಉಳದಿತ್ತು" ಎಂದಳು. ಅತ್ತೆಯ ಕೈ ಹಿಡಿದು ಬಿಸಿಲಿನಲ್ಲಿ ನಡೆದಳು.

ಮರುದಿನ ನಾನು ಕಟ್ಟೆಯ ಮೇಲೆ ಕೂತಿದ್ದ ಮೌಲಾಸಾಬರ ಮುಂದೆ ನಿಂತು ಉಗ್ರಾಣದ ಬೀಗ ತೆಗೆಯಿರಿ ಎಂದೆ. ಅವರು ಏನು ಎತ್ತ ಎಂದು ಕೇಳದೆ ಎದ್ದರು. ಬಹುಶಃ ಅವರೂ ಯಾರಾದರೂ ಕೇಳಲಿ ಎಂದೇ ಕಾಯುತ್ತಿದ್ದರು. ಒಳಗೆ ಮುಗ್ಗಲು ವಾಸನೆ. ಹಗ್ಗ ಮೂಲೆಯಲ್ಲಿ ಬಿದ್ದಿತ್ತು. ಹೊರಗೆ ಎಳೆದು ಅಂಗಳದಲ್ಲಿ ಬಿಚ್ಚಿದೆವು. ಸುರುಳಿಯ ಹೊರಗಿನ ಸುತ್ತು ಬೆಳ್ಳಗೆ, ಗಟ್ಟಿಯಾಗಿ ಇತ್ತು. ಒಳಗಿನ ಸುತ್ತು, ಹರಿದ ತುದಿಯ ಕಡೆಯದು, ಕರ್ರಗೆ. ಹನ್ನೆರಡು ಮೊಳ ಉದ್ದಕ್ಕೆ ನಾರು ಕೊಳೆತು ಹೋಗಿತ್ತು. ಬೆರಳಲ್ಲಿ ಹಿಸುಕಿದರೆ ನೆನೆದ ಶಾವಿಗೆಯ ಹಾಗೆ ಬಿಡುತ್ತಿತ್ತು. ಮೇಲೆ ನೋಡಿದರೆ ಉಗ್ರಾಣದ ಹಂಚು ಒಡೆದು ಆಕಾಶ ಕಾಣುತ್ತಿತ್ತು. ಈ ಒಂದು ಮಳೆಗಾಲದ ನೀರಷ್ಟೇ ಅಲ್ಲ ಅದು, ಪರಸಪ್ಪ ಇಳಿಯುವ ಮೊದಲೇ ಕೊಳೆತದ್ದು.

"ಸಾಬರ, ನೀವು ಅವತ್ತ ನೋಡಲಿಲ್ಲೇನು?"

ಮೌಲಾಸಾಬ ಹಗ್ಗವನ್ನು ಕೈಯಲ್ಲಿ ಹಿಡಿದೇ ಕೂತುಬಿಟ್ಟರು. "ಹಿಂದಿನ ದಿನ ನೀವು, ಮಾಸ್ತರರು ಬಂದು ಲಕ್ಕಪ್ಪನ ಕಡಿಂದ ತೆಗಿಸಿ ನೋಡೀರಂತ ತಿಳಕೊಂಡಿದ್ದೆ. ಸಂಘದವರು ಭಾಳ ಹುಷಾರು, ಅವರು ಬಿಡೂದಿಲ್ಲ ಅಂತ. ಖರೇನ ತಿಳಕೊಂಡಿದ್ದೆ ಕಸ್ತೂರೆವ್ವ. ಅಲ್ಲಾನ ಆಣಿ."

ಅದರಲ್ಲಿ ಸುಳ್ಳಿಲ್ಲ ಎಂದು ನನಗೆ ಗೊತ್ತು. ಸುಳ್ಳಾಗಿದ್ದರೆ ಅವತ್ತು ಪಡಸಾಲೆ ಗುಂಯ್ ಎನ್ನುತ್ತಿರಲಿಲ್ಲ. ಲಕ್ಕಪ್ಪನನ್ನು ಕರೆದು ಕೇಳಿದೆವು. ಅವನಿಗೆ ಕಟ್ಟಿದ ಸುರುಳಿಯನ್ನು ಹೊರು ಎಂದರಷ್ಟೇ, ಬಿಚ್ಚು ಎಂದು ಯಾರೂ ಹೇಳಿರಲಿಲ್ಲ. ಮಾಸ್ತರರ ಮನೆಗೆ ಹೋದೆ. ಅವರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡು, "ನಾನು, ನೀ ನೋಡೀದಿ ಅಂತ..." ಎಂದು ಶುರು ಮಾಡಿ ನಿಲ್ಲಿಸಿದರು. ಕನ್ನಡಕ ತೆಗೆದರು, ಆದರೆ ಒರೆಸಲಿಲ್ಲ. ಹೋದ ನಾಲ್ಕು ವರ್ಷದಲ್ಲಿ ಎಷ್ಟು ಸಲ ಹೀಗೆ ಒಬ್ಬರ ಮೇಲೆ ಒಬ್ಬರು ಭಾರ ಹಾಕಿ ನಿಶ್ಚಿಂತೆಯಿಂದ ಹೇಳಿದ್ದೆವೋ, ಎಷ್ಟು ಸಲ ಸುಮ್ಮನೆ ಪಾರಾಗಿದ್ದೆವೋ. ಒಪ್ಪಂದಕ್ಕೆ ಮೊದಲು ಕಚೇರಿಯವರು ಮಾಡಿದ ಒಂದೊಂದು ಕೆಲಸವನ್ನೂ ನಾವು ಅನುಮಾನದಿಂದ ಕೆದಕಿ ನೋಡುತ್ತಿದ್ದೆವು, ಅವರೂ ನಮ್ಮ ಕಣ್ಣಿಗೆ ಹೆದರಿ ಮೈಯೆಲ್ಲ ಎಚ್ಚರವಾಗಿರುತ್ತಿದ್ದರು. ಸ್ನೇಹವಾದ ಮೇಲೆ ಇಬ್ಬರೂ ನೋಡುವುದನ್ನು ಬಿಟ್ಟೆವು.

"ಮಾಸ್ತರ, ಇದನ್ನ ಹುಲಿಗೆವ್ವ ಹೇಳೂದಲ್ಲ. ನಾವು ಹೇಳಬೇಕು. ಅವತ್ತ ಹೇಳಿದ್ದ ಐದು ಬಾಯಿನ ಹೇಳಬೇಕು."

"ಸಾಹೇಬ್ರು ಒಪ್ಪಬೇಕಲ್ಲ."

"ಒಪ್ಪೂತನಾ ಬ್ಯಾರೆ ಯಾವ ಆದೇಶಕ್ಕೂ ನಮ್ಮಿಬ್ಬರ ದನಿ ಇಲ್ಲ."

ಮಾಸ್ತರರು ನನ್ನನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. ಒಪ್ಪಂದವಾದಾಗಿನಿಂದ ನಾವು ಇಲ್ಲ ಎಂಬ ಮಾತನ್ನೇ ಆಡಿರಲಿಲ್ಲ. ಆಗಲಿ ಎಂದರು. ಮರುದಿನ ಇಬ್ಬರೂ ಹೋಗಿ ಇನಾಮದಾರ ಸಾಹೇಬರನ್ನು ಅಂಗಳಕ್ಕೆ ಕರೆದು ಹೇಳಿದೆವು. ಅವರಿಗೆ ಸಿಟ್ಟು ಬಂತು, ನಾಲ್ಕು ದಿನ ಮೌಲಾಸಾಬ, ಲಕ್ಕಪ್ಪನ ಜೊತೆ ಮೂರೇ ಬಾಯಿಯಲ್ಲಿ ಆದೇಶ ಓದಿದರು. ಎಮ್ಮೆ ಮತ್ತೆ ಕೆಮ್ಮಿತು. ಈ ಸಲ ಕಟ್ಟೆಯ ಮೇಲೆ ಯಾರೂ ನಗಲಿಲ್ಲ. ಹಗ್ಗದ ಸುದ್ದಿ ಅಷ್ಟು ಹೊತ್ತಿಗೆ ಊರೆಲ್ಲ ಹಬ್ಬಿತ್ತು. ಅಂಗಳದಲ್ಲಿ ಚಾಚಿದ್ದ ಕರ್ರಗಿನ ಹನ್ನೆರಡು ಮೊಳವನ್ನು ಜನ ಬಂದು ಮುಟ್ಟಿ ಮುಟ್ಟಿ ಹೋಗುತ್ತಿದ್ದರು. ಆದರೆ ಅಂಗಳದಲ್ಲಿ ಕಂಡದ್ದು ಕಾಗದಕ್ಕೆ ಏರುವುದಿಲ್ಲ. ಪಡಸಾಲೆಯಲ್ಲಿ ಕೇಳಿಸಿದ್ದನ್ನು ಪಡಸಾಲೆಯಲ್ಲಿ ಕೇಳಿಸಿದ್ದೇ ಅಳಿಸಬೇಕು. ಐದನೆಯ ದಿನ ಸಾಹೇಬರು ಹೇಳಿ ಕಳಿಸಿದರು, ಶುಕ್ರವಾರ ಹನ್ನೊಂದು ಗಂಟೆಗೆ ಬನ್ನಿ ಎಂದು.

ಶುಕ್ರವಾರ ಪಡಸಾಲೆಯ ಕಿಟಕಿಗಳಲ್ಲೂ ಜನ. ಹುಲಿಗೆವ್ವನನ್ನು ನಾನೇ ಹೋಗಿ ಕರೆದುಕೊಂಡು ಬಂದಿದ್ದೆ. ಅವಳು ಗೋಡೆಗೆ ಆನಿಸಿದ ಬೆಂಚಿನ ತುದಿಯಲ್ಲಿ ಕೂತಳು, ಫಕೀರವ್ವ ಹೊರಗೆ ಕಟ್ಟೆಯ ಮೇಲೆ ಅಜ್ಜಿಯ ಜೊತೆ ಉಳಿದಳು. ಸಾಹೇಬರು, ಮೌಲಾಸಾಬ, ಲಕ್ಕಪ್ಪ, ಮಾಸ್ತರರು, ನಾನು ಸಾಲಾಗಿ ನಿಂತೆವು. ಹೇಳಬೇಕಾದ ಮಾತು ಗೊತ್ತಿತ್ತು. ಹಗ್ಗ ನೋಡಲಿಲ್ಲ, ನೋಡದೆ ಪರಸಪ್ಪನನ್ನು ಇಳಿಸಿದೆವು. ಮೌಲಾಸಾಬ ಬೆರಳೆತ್ತಿದರು. ಹೇಳಿದೆವು.

ನರಳಾಟ.

ಇನ್ನೊಮ್ಮೆ ಹೇಳಿದೆವು. ಲಕ್ಕಪ್ಪನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನನ್ನ ಎದೆಯಲ್ಲಿ ಆ ಮಾತು ಕಲ್ಲಿನ ಹಾಗೆ ಕೂತಿತ್ತು, ಈ ಸಲ ನನ್ನದು ಬರೇ ಬಾಯಿಯಲ್ಲ ಎಂದು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳಬಲ್ಲೆ. ಆದರೂ ಅದೇ ನರಳಾಟ. ಕಿಟಕಿಯಲ್ಲಿದ್ದವರೆಲ್ಲ ಸಾಹೇಬರನ್ನು ನೋಡತೊಡಗಿದರು. ಅವರ ಮುಖ ಕೆಂಪಾಯಿತು. ಪಡಸಾಲೆಯ ಹೊಸ್ತಿಲು ದಾಟಿ ಹೊರಗೆ ನಿಂತು, ನಮಗೆ ಕೇಳಿಸುವ ಹಾಗೆ ಹೇಳಿದರು:

"ನಾನು ಸುಳ್ಳು ಮನುಷ್ಯನಲ್ಲ. ಹೇಳ್ತೀನಿ ಅಂತ ಒಪ್ಪಿದೆ, ಹೇಳ್ತಾನೂ ಇದೀನಿ. ಆದರೆ ನಾನು ಬರೋಕೆ ಮುಂಚೆ ಆದದ್ದು ಇದು. ನಾನು ಆ ಮನುಷ್ಯನ ಮುಖಾನೂ ನೋಡಿಲ್ಲ. ಇಳಿಸಿದೆ ಅಂತ ನನ್ನ ಮನಸ್ಸಿಗೆ ಹೇಗೆ ಬರಬೇಕು, ನೀವೇ ಹೇಳಿ."

ಹಳೆಯ ಸಾಹೇಬರನ್ನು ಕರೆಸೋಣವೆಂದರೆ ಅವರು ಎಲ್ಲಿದ್ದಾರೋ. ಕಚೇರಿ ಎಂದರೆ ಕುರ್ಚಿ, ಕುರ್ಚಿಯಲ್ಲಿ ಕೂತವರು ಯಾರಾದರೇನು ಎಂದು ಮಾಸ್ತರರು ಮೆಲ್ಲಗೆ ಹೇಳಲು ನೋಡಿದರು. ಪಡಸಾಲೆಯ ಒಳಗಿದ್ದುದರಿಂದ ಆ ಮಾತು ಯಾರಿಗೂ ಕೇಳಿಸಲಿಲ್ಲ. ತುಟಿ ಆಡಿದ್ದು ಕಂಡು ನಾನು ಊಹಿಸಿದೆ. ನಾಲ್ಕು ಬಾಯಿ ಇತ್ತು, ಐದನೆಯದಿಲ್ಲ. ಇಷ್ಟು ದೂರ ಬಂದು ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಆಗ ಹುಲಿಗೆವ್ವ ಬೆಂಚಿನಿಂದ ಎದ್ದಳು. ಸೀದಾ ಬಂದು ಸಾಹೇಬರು ನಿಂತಿದ್ದ ಜಾಗದಲ್ಲಿ, ಮೌಲಾಸಾಬರ ಪಕ್ಕಕ್ಕೆ ನಿಂತಳು. ನಾನು ಬೇಡ ಎಂದು ಕೈ ಆಡಿಸಿದೆ. ಇದು ಅವಳು ಹೇಳುವ ಮಾತಲ್ಲ, ಹೇಳಿದರೂ ಕೇಳಿಸುವುದಿಲ್ಲ, ಮತ್ತೊಮ್ಮೆ ಊರೆದುರಿಗೆ ಅವಳ ಬಾಯಿ ಕಟ್ಟಿದ ಹಾಗಾಗುತ್ತದೆ ಎಂದು ನನಗೆ ಗಾಬರಿ. ಅವಳು ನನ್ನ ಕಡೆ ನೋಡಲೇ ಇಲ್ಲ. ಮೌಲಾಸಾಬರ ಮುಖ ನೋಡಿ ತಲೆಯಾಡಿಸಿದಳು. ಅವರ ಬೆರಳು ತಾನಾಗಿಯೇ ಎದ್ದಿತು.

"ಹಗ್ಗ ನೋಡಲಿಲ್ಲ. ನೋಡದೆ ಪರಸಪ್ಪನನ್ನು ಇಳಿಸಿದೆವು."

ಪಡಸಾಲೆಯ ತೊಲೆಗಳು ಗುಂಯ್ ಎಂದವು. ಕಟ್ಟೆಯ ಮೇಲಿನ ಕಾಗೆಗಳು ಹಾರಿದವು. ಐದೂ ದನಿ ಬೇರೆಬೇರೆಯಾಗಿ ತಿಳಿಯುವಷ್ಟು ಸ್ಪಷ್ಟವಾಗಿತ್ತು ಅದು, ಅವಳದಂತೂ ಎಲ್ಲಕ್ಕಿಂತ ಸ್ಪಷ್ಟ. ಸಾಹೇಬರು ಹೊಸ್ತಿಲ ಆಚೆ ನಿಂತೇ ಕಾಗದ ತರಿಸಿಕೊಂಡು, ಹಳೆಯ ಸಾಲನ್ನು ಹೊಡೆದು ಹಾಕಿ, ಕೇಳಿಸಿದ್ದನ್ನು ಬರೆದು ರುಜು ಹಾಕಿದರು.

ಹೊರಗೆ ಬರುವಾಗ ಮೆಟ್ಟಿಲ ಮೇಲೆ ಅವಳ ತೋಳು ಹಿಡಿದು ನಿಲ್ಲಿಸಿದೆ. "ನೀ ಯಾಕವಾ? ನಿನಗೇನು ಸಂಬಂಧ ಅದರಾಗ?"

ಹುಲಿಗೆವ್ವ ಬಾವಿಯ ದಿಕ್ಕಿಗೆ ನೋಡುತ್ತ ಹೇಳಿದಳು. "ಅವ್ರು ಇಳಿಯೂ ಮೊದಲ ಯಾವಾಗ್ಲೂ ಹಗ್ಗಾ ಕೈಯಾಗ ಹಿಡದು ನೋಡ್ತಿದ್ರು ಅಕ್ಕಾರ. ಅವತ್ತೂ ಕುಂತು ಬಿಚ್ಚಾಕ ಹತ್ತಿದ್ರು. ನಾ ಅಂದೆ, ಕಚೇರಿ ಹೇಳೇತಲ್ಲ, ಕೇಳಿಸ್ಲಿಲ್ಲೇನು, ಬಿಸಲ ಏರಾಕತ್ತೇತಿ, ಸುಮ್ನ ಇಳೀರಿ. ಅವ್ರು ನಕ್ಕು ಇಳದ್ರು." ಅವಳ ದನಿ ಒಂದಿಷ್ಟೂ ಏರಲಿಲ್ಲ. "ಸೋಮವಾರ ಸೋಮವಾರ ಒಬ್ಬಾಕಿನ ಬಂದು ನಿಮ್ಮೆದುರಿಗೆ ನಾ ಹೇಳ್ತಿದ್ದದ್ದು ಇದನ್ನ. ಕೇಳ್ಸೂದಿಲ್ಲ ಅಂತ ಗೊತ್ತಿತ್ತಲ್ಲ, ಅದಕ್ಕ ಅಲ್ಲಿ ಹೇಳಾಕ ಬರ್ತಿದ್ದೆ."

ತನ್ನ ಗಂಡನ ಹೆಸರು ಉಳಿಸಿಕೊಳ್ಳಲು ಹೊರಟವಳು ನಮ್ಮೆಲ್ಲರ ತಪ್ಪಿನ ಸಾಲಿನಲ್ಲಿ ತಾನೂ ನಿಲ್ಲಬೇಕಾಯಿತು. ಆ ದನಿ ಅವಳದಾಗಬಾರದಿತ್ತು. ಇವತ್ತಿಗೂ ನನಗೆ ಹಾಗೇ ಅನ್ನಿಸುತ್ತದೆ.

ಕಟ್ಟೆಯ ಮೇಲಿನ ಜನ ಎದ್ದು ನಿಂತರು. ಫಕೀರವ್ವ ಗುಂಪು ಸೀಳಿಕೊಂಡು ಬಂದಳು. ಅಪ್ಪನ ಹೆಸರು ಕೇಳಿ ಅವಳ ಮುಖ ಅರಳಿರಬೇಕು ಎಂದುಕೊಂಡಿದ್ದೆ. ಅವಳು ತಾಯಿಯ ಎದುರಿಗೆ ಬಂದು ನಿಂತು, "ಅವ್ವಾ, ಅದರಾಗ ನಿನ್ನ ದನಿ ಯಾಕಿತ್ತು?" ಎಂದು ಕೇಳಿದಳು.

ಹುಲಿಗೆವ್ವನ ತುಟಿ ಆಡಿತು. ಪಡಸಾಲೆಯ ಹೊರಗೆ, ತೆರೆದ ಬಯಲಿನಲ್ಲಿ, ಯಾರ ದನಿ ಬೇಕಾದರೂ ಕೇಳಿಸುವ ಜಾಗದಲ್ಲಿ ನಿಂತಿದ್ದರೂ ಅವಳ ಗಂಟಲಿನಿಂದ ಏನೂ ಬರಲಿಲ್ಲ. ನಾನು ಅವಳ ಮಗ್ಗುಲಿಗೆ ಹೋಗಿ ನಿಂತೆ. ಜೊತೆಗೆ ಮಾಸ್ತರರಿರಲಿಲ್ಲ, ಮೌಲಾಸಾಬರಿರಲಿಲ್ಲ.

"ನಾವು ನೋಡೀವಂತ ನಿಮ್ಮವ್ವ ನಮ್ಮನ್ನ ನಂಬಿದ್ಲು, ಫಕೀರವ್ವ" ಎಂದೆ. "ನಾ ನೋಡಿರಲಿಲ್ಲ."